ಮೂವತ್ತಾರನೆಯ ಹೂವು

ಕಳೆದ ಆಯುಧಪೂಜೆಗೆ ತಂದ ಚೆಂಡುಹೂವಿನಲ್ಲಿ ಉಳಿದದ್ದನ್ನು ಪ್ಲಾಸ್ಟಿಕ್ ಚೀಲದಲ್ಲೇ ಕಟ್ಟಿ ಹಿತ್ತಲ ಬಾಗಿಲ ಬಳಿ ಇಟ್ಟು ಮರೆತಿದ್ದೆ. ಮೂರನೆಯ ದಿನ ಗಂಟು ಬಿಚ್ಚಿದಾಗ ಎದ್ದ ವಾಸನೆಗೆ ಮನೆಯವರೆಲ್ಲ ಮೂಗು ಮುಚ್ಚಿಕೊಂಡರು. ನಾನು ಮಾತ್ರ ಚೀಲ ಹಿಡಿದು ನಿಂತೇ ಇದ್ದೆ. ಒದ್ದೆಯಾಗಿ ಅರ್ಧ ಕೊಳೆತ ಚೆಂಡುಹೂವಿನ ವಾಸನೆ ಎಂದರೆ ನನಗೆ ಮಳೆಗಾಲದ ಕಾಶಿ. ದೇವರ ಮೇಲಿಂದ ಇಳಿಸಿದ ಹಾರಗಳು ಓಣಿಯ ಮೂಲೆಮೂಲೆಯಲ್ಲಿ ರಾಶಿಬಿದ್ದು, ಮೇಲೆ ಮಳೆ ಬಿದ್ದು, ಅದನ್ನು ಹಸುಗಳು ಮೆದ್ದು ಉಳಿಸಿದ ಮೇಲೆ ಬರುವ ವಾಸನೆ ಅದು. ಅಲ್ಲಿದ್ದದ್ದು ನಾಲ್ಕು ವರ್ಷ. ಆದರೆ ಕಾಶಿ ಎಂದೊಡನೆ ನನಗೆ ನೆನಪಾಗುವುದು ಒಂದೇ ಶ್ರಾವಣ.

ತೊಂಬತ್ತರ ದಶಕ ಆಗಷ್ಟೇ ಶುರುವಾಗಿತ್ತು. ನಮ್ಮ ಯಜಮಾನರಿಗೆ ಭೇಲೂಪುರದ ಕಚೇರಿಗೆ ವರ್ಗವಾಗಿ, ಶಿವಾಲ ಎಂಬ ಕೇರಿಯಲ್ಲಿ ಒಂದು ಹಳೆಯ ಮನೆಯ ಮಹಡಿಯ ಭಾಗ ಬಾಡಿಗೆಗೆ ಹಿಡಿದಿದ್ದೆವು. ಎರಡು ಕೋಣೆ, ಒಂದು ನಲ್ಲಿ, ಬಟ್ಟೆ ಒಣಹಾಕಿದರೆ ಕೋತಿಗಳ ಪಾಲು. ಆದರೂ ಶಿವ ನನಗೆ ಕಡಿಮೆ ಮಾಡಿರಲಿಲ್ಲ. ನಲ್ಲಿಯಲ್ಲಿ ಬೆಳಿಗ್ಗೆ ಎಂಟರವರೆಗೆ ನೀರು ಬರುತ್ತಿತ್ತು. ಅಡುಗೆಮನೆಯ ಕಿಟಕಿಯಿಂದ ಬಗ್ಗಿದರೆ ಎರಡು ಗೋಡೆಗಳ ನಡುವೆ ಒಂದು ಗೇಣಿನಷ್ಟು ಗಂಗೆ ಕಾಣುತ್ತಿದ್ದಳು. ಕೇದಾರ ಘಾಟ್ ನಡೆದು ಹೋಗುವಷ್ಟೇ ದೂರ. ಅಲ್ಲಿ ಇಡ್ಲಿ ಸಿಗುತ್ತಿತ್ತು, ಕನ್ನಡವೂ ಸಿಗುತ್ತಿತ್ತು.

ಹಿಂದಿ ಮಾತ್ರ ನನಗೆ ದಕ್ಕಲಿಲ್ಲ. ಎರಡನೆಯ ತರಗತಿಯಲ್ಲಿದ್ದ ಮಗಳು ಶುಭಾ ಆರೇ ತಿಂಗಳಲ್ಲಿ ಓಣಿಯ ಮಕ್ಕಳೊಂದಿಗೆ ಹಿಂದಿಯಲ್ಲಿ ಜಗಳವಾಡುವಷ್ಟು ಕಲಿತಳು. ನಾನು ತರಕಾರಿಯವನ ಮುಂದೆ ಬೆರಳು ತೋರಿಸುತ್ತ ನಿಲ್ಲುತ್ತಿದ್ದೆ. ಪೂಜೆಗೆ ದಿನವೂ ಬೇಕಾದ್ದರಿಂದ ಸರಿಯಾಗಿ ಬಾಯಿಗೆ ಬಂದ ಮೊದಲ ಶಬ್ದ ಫೂಲ್. ಫೂಲ್ ಎಂದರೆ ಹೂವು. ಅಷ್ಟು ಗೊತ್ತಿದ್ದರೆ ದಿನ ಕಳೆಯುತ್ತದೆ ಎಂದುಕೊಂಡಿದ್ದೆ.

ಆ ಮೂಕತನದಲ್ಲಿ ನನಗೆ ಜೊತೆಯಾದದ್ದು ಒಂದು ಕ್ಯಾಮೆರಾ. ಯಜಮಾನರು ಕಚೇರಿಯವರ ಪ್ರವಾಸಕ್ಕೆಂದು ಕೊಂಡಿದ್ದರು. ತೆಗೆದ ಚಿತ್ರಗಳಲ್ಲೆಲ್ಲ ಅವರ ಹೆಬ್ಬೆರಳೇ ದೊಡ್ಡದಾಗಿ ಬಂದದ್ದರಿಂದ ಬೇಸರಪಟ್ಟು ಬೀರುವಿನ ಮೇಲೆ ಎಸೆದಿದ್ದರು. ಧೂಳು ಒರೆಸುವಾಗ ನನ್ನ ಕೈಗೆ ಬಂತು. ಕಿಂಡಿಯಲ್ಲಿ ನೋಡುವುದು, ಗುಂಡಿ ಒತ್ತುವುದು, ಹೆಬ್ಬೆರಳಲ್ಲಿ ಚಕ್ರ ತಿರುಗಿಸಿ ಮುಂದಿನದಕ್ಕೆ ಸಿದ್ಧ ಮಾಡುವುದು. ಒಂದು ರೀಲಿಗೆ ಮೂವತ್ತಾರು ಚಿತ್ರ. ಒಂದು ರೀಲನ್ನು ಎರಡು ಮೂರು ತಿಂಗಳು ಎಳೆಯುತ್ತಿದ್ದೆ. ಬೆಳಿಗ್ಗೆ ಗಂಗಾಸ್ನಾನಕ್ಕೆ ಹೋಗುವಾಗ ಹೂಬುಟ್ಟಿಯಲ್ಲಿ ಕ್ಯಾಮೆರಾ ಇಟ್ಟುಕೊಂಡು ಹೋಗುವುದು ರೂಢಿಯಾಯಿತು.

ಮೊದಲ ರೀಲು ತುಂಬ ಹೂವೇ. ಗೋಡೆಯ ಬಿರುಕಿನ ಎಕ್ಕ, ಘಾಟಿನ ಮೇಲಿನ ಕಣಗಿಲೆ, ಉಮ್ಮತ್ತಿ, ಬುಟ್ಟಿಯಲ್ಲಿ ಕುಳಿತ ತಾವರೆ ಮೊಗ್ಗು. ಒಂದೊಂದಕ್ಕೂ ಮೂಗು ತಾಗುವಷ್ಟು ಹತ್ತಿರ ಹೋಗಿ ತೆಗೆದಿದ್ದೆ. ತೊಳೆಸಿ ತಂದಾಗ ನೋಡಿದರೆ ಬಣ್ಣದ ಉಂಡೆಗಳು. ಭೇಲೂಪುರದ ಸ್ಟುಡಿಯೋ ಇಟ್ಟಿದ್ದವರು ಶ್ರೀವಾಸ್ತವರೆಂಬ ವಯಸ್ಸಾದ ಗೃಹಸ್ಥರು. ಚಿತ್ರಗಳನ್ನು ಇಸ್ಪೀಟಿನ ಎಲೆಯಂತೆ ಮೇಜಿನ ಮೇಲೆ ಹರಡಿ, "ಭಾಭೀಜಿ, ಸಬ್ ಹಿಲ್ ಗಯಾ" ಎಂದರು. ಎಲ್ಲ ಅಲುಗಾಡಿದೆ ಎಂದು. ನನಗೆ ಹಿಂದಿ ಬಾರದೆಂದು ಕಂಡು ಉಳಿದದ್ದನ್ನು ಸರಳ ಇಂಗ್ಲಿಷಿನಲ್ಲಿ ಹೇಳಿದರು. "ಹೂವು ಪಾಪ ಸುಮ್ಮನೆ ಕುಳಿತಿತ್ತು. ಅಲುಗಾಡಿದ್ದು ನೀವು. ಅದೂ ಅಲ್ಲದೆ ಇದು ಬಡ ಕ್ಯಾಮೆರಾ, ಹತ್ತಿರದ್ದು ಇದಕ್ಕೆ ಕಾಣುವುದಿಲ್ಲ. ನನ್ನ ಹಾಗೆಯೇ," ಎಂದು ಕನ್ನಡಕ ತೆಗೆದು ತೋರಿಸಿದರು. ಐದಾರು ಅಡಿ ದೂರ ನಿಲ್ಲಿ ಎಂದು ಕೈಚಾಚಿ ಅಳತೆ ಹೇಳಿಕೊಟ್ಟರು. ಎರಡು ಕೈ ಅಗಲಿಸಿದರೆ ಎಷ್ಟೋ ಅಷ್ಟು.

ಅಯ್ಯೋ, ಇದು ನಮ್ಮ ಮಾರು ಅಲ್ಲವೇ ಎಂದು ನಗು ಬಂತು. ಊರಲ್ಲಿ ಹೂವಾಡಗಿತ್ತಿ ಎರಡು ಕೈ ಅಗಲಿಸಿ ಅಳೆದು ಕೊಡುತ್ತಿದ್ದ ಮಾರು. ಅಂದಿನಿಂದ ನಾನೂ ಹೂವಿನ ಮುಂದೆ ನಿಂತು ಮನಸ್ಸಿನಲ್ಲೇ ಒಂದು ಮಾರು ಅಳೆದು ಹಿಂದೆ ಸರಿಯತೊಡಗಿದೆ. ಹಾಗೆ ಸರಿದಾಗ ಕಿಂಡಿಯೊಳಗೆ ಹೂವು ಚಿಕ್ಕದಾಗಿ, ಅದರ ಸುತ್ತಲಿನವರೆಲ್ಲ ಬಂದು ನಿಂತರು. ತಾವರೆಯ ಜೊತೆ ಅದನ್ನು ಮಾರುವವಳ ಬಿರಿದ ಹಿಮ್ಮಡಿ. ಬಿಲ್ವಪತ್ರೆಯ ರಾಶಿಗೆ ಬಾಯಿ ಹಾಕಿದ ಮೇಕೆ, ಅದರ ಕಿವಿ ಹಿಡಿದ ಪೂಜಾರಿ. ಕಣಗಿಲೆಯ ಕೆಳಗೆ ಗಡ್ಡ ಬೋಳಿಸಿಕೊಳ್ಳುತ್ತ ಕಣ್ಣು ಮುಚ್ಚಿದ ಹಳ್ಳಿಗ. ಅವರಾರೂ ಬೇಡ ಎನ್ನಲಿಲ್ಲ. ಕ್ಯಾಮೆರಾ ಎತ್ತಿ ತಲೆ ಓರೆ ಮಾಡಿ ನಕ್ಕರೆ ಅದೇ ಭಾಷೆ.

ನನ್ನ ಚಿತ್ರಗಳನ್ನು ಮನಸ್ಸಿಟ್ಟು ನೋಡುತ್ತಿದ್ದವರು ನಂಜಮ್ಮಜ್ಜಿ. ತಿಪಟೂರು ಕಡೆಯ ಹಳ್ಳಿಯವರು. ಗಂಡ ಹೋದ ಮೇಲೆ ಕಾಶಿಯಲ್ಲೇ ಪ್ರಾಣ ಬಿಡುವುದೆಂದು ಬಂದು, ಕೇದಾರ ಘಾಟಿನ ಬಳಿ ನಮ್ಮ ಕಡೆಯವರ ಮಠವೊಂದರಲ್ಲಿ ಕೋಣೆ ಹಿಡಿದು ಆರು ವರ್ಷವಾಗಿತ್ತು. ಕ್ಷೇತ್ರ ಬಿಟ್ಟು ಹೊರಗೆ ಕಾಲಿಡುವುದಿಲ್ಲವೆಂದು ಸಂಕಲ್ಪ ಮಾಡಿದ್ದರಿಂದ ಕ್ಷೇತ್ರದ ಎಲ್ಲೆಯಾದ ಅಸಿ ಹೊಳೆಯ ಆಚೆಯ ತೋಟಗಳನ್ನು ಅವರು ನೋಡಿದ್ದೆಲ್ಲ ನನ್ನ ಚಿತ್ರಗಳಲ್ಲಿ.

"ಏನೇ ಲಲಿತಾ, ಇವತ್ತು ಯಾವ ಹೂವಿಗೆ ಕಣ್ಣು ಹಾಕ್ದೆ?" ಎನ್ನುತ್ತಿದ್ದರು. "ಮುಡಿಯೋ ಭಾಗ್ಯ ನಂಗಂತೂ ಹೋಯ್ತು. ನೋಡೋಕೆ ಯಾವ ಶಾಸ್ತ್ರ ಅಡ್ಡ ಬರುತ್ತೆ, ಕೊಡಿಲ್ಲಿ."

ಅಲ್ಲಿಯ ಶ್ರಾವಣ ನಮ್ಮದಕ್ಕಿಂತ ಹದಿನೈದು ದಿನ ಮೊದಲೇ ಹಿಡಿಯುತ್ತದೆ. ಅವರಿಗೆ ಹುಣ್ಣಿಮೆಗೆ ತಿಂಗಳು ಮುಗಿದರೆ ನಮಗೆ ಅಮಾವಾಸ್ಯೆಗೆ. ನಾನು ಎರಡನ್ನೂ ಹಿಡಿದೆ. ನಾಲ್ಕಿದ್ದ ಸೋಮವಾರಗಳು ಆರಾದವು. ಕೇಳದೆ ಸಿಕ್ಕ ಎರಡು ಸೋಮವಾರ, ಬೇಡ ಎನ್ನಲು ನಾನು ಯಾರು?

ಅಂಥ ಒಂದು ಸೋಮವಾರದ ಬೆಳಿಗ್ಗೆ. ಗಂಗೆ ಏರಿ ಕೇದಾರ ಘಾಟಿನ ಕೆಳಗಿನ ಮೆಟ್ಟಿಲೆಲ್ಲ ನುಂಗಿದ್ದಳು. ಕೆಳಗೆ ಕೂತು ಯಾತ್ರಿಕರಿಗೆ ಪೂಜೆ ಮಾಡಿಸುತ್ತಿದ್ದ ಪಂಡಾಗಳು ತಮ್ಮ ಛತ್ರಿ ಮಣೆಗಳೊಂದಿಗೆ ಮೇಲಿನ ಮೆಟ್ಟಿಲಿಗೆ ಬಂದಿದ್ದರು. ಮೋಡ ಕವಿದು ಬೆಳಕು ಮಂಕಾಗಿತ್ತು. ನನ್ನ ರೀಲಿನಲ್ಲಿ ಉಳಿದದ್ದು ಒಂದೇ ಒಂದು ಚಿತ್ರ, ಮೂವತ್ತಾರನೆಯದು. ಅದನ್ನು ನಾಲ್ಕು ದಿನದಿಂದ ಜೋಪಾನ ಮಾಡಿಕೊಂಡಿದ್ದೆ, ಸೋಮವಾರ ಯಾವುದಾದರೂ ಅಪರೂಪದ ಹೂವು ಸಿಗುತ್ತದೆ ಎಂದು.

ಸ್ನಾನ ಮುಗಿಸಿ ಮೆಟ್ಟಿಲು ಹತ್ತುತ್ತಿದ್ದೆ. ಹಿಂದೆ ನಂಜಮ್ಮಜ್ಜಿ ಸೀರೆ ಹಿಂಡುತ್ತಿದ್ದರು. ಮೇಲಿನಿಂದ ಒಬ್ಬ ಗಂಡಸು, ಒಬ್ಬ ಹೆಂಗಸು ಇಳಿದು ಬಂದರು. ಇಬ್ಬರೂ ನಡುವಯಸ್ಸಿನವರು, ರಾತ್ರಿಯೆಲ್ಲ ಬಸ್ಸಿನಲ್ಲಿ ಕುಳಿತು ಬಂದ ಮುಖ. ಗಂಡಸಿನ ಎದೆಗೆ ಒತ್ತಿ ಹಿಡಿದ ಒಂದು ಪುಟ್ಟ ಮಣ್ಣಿನ ಮಡಕೆ, ಬಾಯಿಗೆ ಕೆಂಪು ಬಟ್ಟೆ. ಒಬ್ಬ ಪಂಡಾ ದೂರದಿಂದಲೇ ಕೂಗಿ ಕೇಳಿದರು:

"ಫೂಲ್ ಲಾಯೇ ಹೋ?"

"ಹಾಂ ಮಹಾರಾಜ್, ಫೂಲ್ ಲಾಯೇ ಹೈಂ," ಎಂದ ಆತ.

ಹೂವು ತಂದಿದ್ದೀರಾ, ಹೌದು ತಂದಿದ್ದೇವೆ. ನನಗೆ ತಿಳಿದ ಒಂದೇ ಶಬ್ದ, ಅದೂ ಎರಡು ಸಲ. ಬಾಡದಿರಲೆಂದು ಮಡಕೆಯಲ್ಲಿಟ್ಟು, ಬಟ್ಟೆ ಕಟ್ಟಿ, ಎದೆಗೊತ್ತಿಕೊಂಡು ತರಬೇಕಾದರೆ ಅದೆಂಥ ಹೂವಿರಬಹುದು! ಕೇದಾರನಿಗೆ ಹರಕೆ ಹೊತ್ತು ತಮ್ಮ ಊರಿಂದ ತಂದದ್ದು ಎಂದು ನಾನೇ ನಿಶ್ಚಯಿಸಿಕೊಂಡೆ. ಅಡ್ಡ ಹೋಗಿ, ಕ್ಯಾಮೆರಾ ಎತ್ತಿ ತೋರಿಸಿ, ನನ್ನ ಬಳಿ ಇದ್ದ ಹಿಂದಿಯನ್ನೆಲ್ಲ ಒಟ್ಟುಮಾಡಿ ಕೇಳಿದೆ: "ಭೈಯಾ, ಫೂಲ್ ಕಾ ಫೋಟೋ? ಖೋಲಿಯೇ ನಾ."

ಬಟ್ಟೆ ಬಿಚ್ಚಿ ತೋರಿಸಿ, ಚಿತ್ರ ತೆಗೆಯುತ್ತೇನೆ ಎಂದದ್ದು ಅದು. ಪಂಡಾ ಅವರ ಕೈಯಲ್ಲಿದ್ದ ದರ್ಭೆ ಅಲ್ಲೇ ನಿಂತಿತು. ಹೆಂಗಸು ಆತನ ಮುಖ ನೋಡಿದಳು. ಆತ ನನ್ನನ್ನು ಅರೆಗಳಿಗೆ ದಿಟ್ಟಿಸಿ, ಕುಕ್ಕರುಗಾಲಲ್ಲಿ ಕುಳಿತು, ಮಡಕೆಯನ್ನು ಮೆಟ್ಟಿಲ ಮೇಲಿಟ್ಟು ಗಂಟು ಬಿಚ್ಚಿದ. ನಾನು ಕಿಂಡಿಗೆ ಕಣ್ಣಿಟ್ಟೆ. ಬೆಳ್ಳಗೆ, ಪುಟ್ಟಪುಟ್ಟಗೆ, ಒಂದರ ಮೇಲೊಂದು. ಮಲ್ಲಿಗೆ ಮೊಗ್ಗು! ಆ ಸಡಗರದಲ್ಲಿ ಮಾರು ಮರೆತೆ. ಮೇಲೆ ಬಾಗಿ ಗುಂಡಿ ಒತ್ತಿಬಿಟ್ಟೆ.

"ಬೇಡ ಕಣೇ ಲಲಿತಾ! ಬೇಡ್ವೇ!" ಎಂದು ಹಿಂದಿನಿಂದ ಅಜ್ಜಿ ಕೂಗಿದ್ದು ಆಮೇಲೆ ಕಿವಿಗೆ ಬಿತ್ತು.

ಆತ ತಲೆ ಎತ್ತದೆ ಹೇಳಿದ: "ಹಮಾರೀ ಅಮ್ಮಾ ಹೈಂ, ಬಹೆನ್‌ಜಿ."

ನಮ್ಮ ಅಮ್ಮ.

ನಮ್ಮ ಕಡೆ ಹೆಂಗಸರು ಅಸ್ಥಿ ಸಂಚಯನಕ್ಕೆ ಹೋಗುವುದಿಲ್ಲ. ಹೆತ್ತ ತಂದೆಯದನ್ನೂ ನಾನು ಕಂಡವಳಲ್ಲ. ಸುಟ್ಟು ಉಳಿದ ಮೂಳೆ ಅಷ್ಟು ಬಿಳಿ ಇರುತ್ತದೆಂದು ನನಗೆ ಗೊತ್ತಿರಲಿಲ್ಲ. ಅದನ್ನು ಆ ಕಡೆಯ ಜನ ಹೂವು ಎಂದು ಕರೆಯುತ್ತಾರೆಂದು ಯಾರೂ ಹೇಳಿರಲಿಲ್ಲ. ಕೈ ಜೋಡಿಸಿದೆ. ಕ್ಷಮಿಸಿ ಎನ್ನಲು ಹಿಂದಿ ಬರಲಿಲ್ಲ, ಕನ್ನಡವೂ ಬರಲಿಲ್ಲ. ಅಜ್ಜಿಯೇ ಏದುಸಿರು ಬಿಡುತ್ತ ಬಂದು ತಮ್ಮ ಮುರುಕು ಹಿಂದಿಯಲ್ಲಿ, ಇವಳು ದಕ್ಷಿಣದವಳು, ಹೂವಿನ ಹುಚ್ಚಿ, ನಿಜವಾದ ಹೂವೆಂದೇ ತಿಳಿದಳು ಎಂದು ಬಿಡಿಸಿ ಹೇಳಿದರು.

ಬೈಗುಳಕ್ಕೆ ಸಿದ್ಧಳಾಗಿ ನಿಂತಿದ್ದೆ. ಆತ ಬೈಯಲಿಲ್ಲ. ಜೊತೆಗಿದ್ದವಳು ಆತನ ಅಕ್ಕ; ಅವಳೊಡನೆ ಏನೋ ಪಿಸುಗುಟ್ಟಿ ಅಜ್ಜಿಯ ಮೂಲಕ ಕೇಳಿದ. ತಾವು ರೀವಾ ಆಚೆಯ ಹಳ್ಳಿಯವರು. ಅಮ್ಮನ ಚಿತ್ರ ಒಂದೂ ಇಲ್ಲ, ಬದುಕಿದ್ದಾಗ ಯಾರೂ ತೆಗೆಯಲಿಲ್ಲ. ಇನ್ನು ಗಂಗೆಗೆ ಬಿಟ್ಟರೆ ಇದೂ ಇಲ್ಲ. ನಾವಿಬ್ಬರು ಮಡಕೆ ಹಿಡಿದು ನಿಲ್ಲುತ್ತೇವೆ, ಅಮ್ಮನ ಜೊತೆ ನಮ್ಮದೊಂದು ಚಿತ್ರ ತೆಗೆದು ಕಳಿಸುತ್ತೀರಾ?

ರೀಲು ಮುಗಿದಿತ್ತು. ಹೇಳಬೇಕಾದದ್ದು ಅಷ್ಟೇ. ಆದರೆ ಆ ಹೆಂಗಸು ಆಗಲೇ ತಲೆಯ ಮೇಲೆ ಸೆರಗು ಸರಿಮಾಡಿಕೊಳ್ಳುತ್ತಿದ್ದಳು. ಮಡಕೆಗೆ ಅಂಟಿದ ಕೆಸರನ್ನು ಅದೇ ಸೆರಗಿನ ತುದಿಯಿಂದ ಒರೆಸಿದಳು, ಚಿತ್ರಕ್ಕೆ ನಿಲ್ಲಿಸುವ ಮೊದಲು ಹೆತ್ತವಳ ಮುಖ ಒರೆಸಿದ ಹಾಗೆ. ಕೆಲವು ರೀಲಿನಲ್ಲಿ ಮೂವತ್ತೇಳನೆಯದೂ ಬರುತ್ತದೆ, ಅದು ದೇವರ ಕೊಡುಗೆ ಎಂದು ಶ್ರೀವಾಸ್ತವರು ಒಮ್ಮೆ ಹೇಳಿದ್ದು ನೆನಪಾಯಿತು. ಚಕ್ರ ತಿರುಗಿಸಿದೆ. ಬಿಗಿಯಾಗಿತ್ತು. ಇನ್ನಷ್ಟು ಒತ್ತಿದೆ. ಒಳಗೆ ಕಿರ್ ಎಂದು ಸದ್ದಾಗಿ ತಿರುಗಿತು. ಕೇದಾರೇಶ್ವರಾ ಎಂದುಕೊಂಡು ಸರಿಯಾಗಿ ಒಂದು ಮಾರು ಹಿಂದೆ ಸರಿದೆ. ಅಕ್ಕ, ತಮ್ಮ, ನಡುವೆ ಇಬ್ಬರ ನಾಲ್ಕು ಕೈಗಳಲ್ಲಿ ಅಮ್ಮ, ಹಿಂದೆ ಕಂದು ಬಣ್ಣದ ಗಂಗೆ. ನನ್ನ ಜೀವಮಾನದಲ್ಲಿ ನಾನು ಅಷ್ಟು ಅಲುಗಾಡದೆ ನಿಂತದ್ದಿಲ್ಲ.

"ಕಳಿಸುತ್ತೇನೆ," ಎಂದೆ. ಪಂಡಾ ತಮ್ಮ ಉದ್ದನೆಯ ಕೆಂಪು ವಹಿಯಲ್ಲಿ ಆ ಮನೆತನದ ಹೆಸರು ಬರೆದುಕೊಂಡ ಮೇಲೆ, ವಿಳಾಸವನ್ನು ಒಂದು ಚೀಟಿಗೂ ಇಳಿಸಿ ನನಗೆ ಕೊಟ್ಟರು. "ಮರೆಯಬೇಡಿ ಬಹೂಜಿ, ಗಂಗೆಯ ಮುಂದೆ ಆಡಿದ ಮಾತು," ಎಂದರು. ರೀಲು ಮುಗಿದಿತ್ತೆಂದು ಗಂಗೆಗೂ ಗೊತ್ತಿತ್ತು, ನನಗೂ ಗೊತ್ತಿತ್ತು.

ಮನೆಗೆ ಬಂದು ಇನ್ನೊಮ್ಮೆ ತಲೆಗೆ ನೀರು ಹಾಕಿಕೊಂಡೆ. ಕ್ಯಾಮೆರಾವನ್ನು ಒಳಗೆ ತರಲು ಮನಸ್ಸಾಗದೆ ಮಹಡಿಯ ಮೆಟ್ಟಿಲ ಬಳಿಯ ಗೂಡಿನಲ್ಲಿಟ್ಟೆ. ಯಜಮಾನರು ನನ್ನ ಒದ್ದೆ ತಲೆಯನ್ನೂ ಗೂಡನ್ನೂ ನೋಡಿ, "ಅದಕ್ಕೂ ಒಂದು ತಂಬಿಗೆ ಹಾಕಿಬಿಡಬೇಕಿತ್ತು," ಎಂದರು. ವಿಷಯ ತಿಳಿದ ಮೇಲೆ ಅವರೂ ನಗಲಿಲ್ಲ.

ಮರುದಿನ ಅಜ್ಜಿಯ ಬಳಿ ಹೋಗಿ, ಮುಗಿದ ರೀಲಿನದೂ ಸೇರಿಸಿ ಎಲ್ಲ ಹೇಳಿ ಕಣ್ಣೀರಿಟ್ಟೆ. ಸೂತಕವೋ, ಪಾಪವೋ, ಮನೆಯಲ್ಲಿ ಮಗುವಿದೆ ಎಂದೆ. ಅಜ್ಜಿ ಬತ್ತಿ ಹೊಸೆಯುವುದನ್ನು ನಿಲ್ಲಿಸಲಿಲ್ಲ.

"ನಾನು ಇಲ್ಲಿ ಸಾಯೋಕಂತ ಆರು ವರ್ಷದಿಂದ ಕೂತಿದೀನಿ. ನನ್ನ ಮುಟ್ಟಿದ್ರೆ ನಿಂಗೆ ಮೈಲಿಗೆ ಆಗುತ್ತೇನೇ? ಕಾಶೀಲಿ ಸಾವಿಗೆ ಎಂಥ ಮೈಲಿಗೆ. ಅದು ಬಿಡು. ರೀಲು ಮುಗಿದಿತ್ತು ಅಂತ ಅವರಿಗೆ ಹೇಳಿದ್ಯಾ?"

"ಇಲ್ಲ ಅಜ್ಜಿ."

"ಹಂಗಾದ್ರೆ ಅದಕ್ಕೆ ಅಳು," ಎಂದರು.

ಅದಕ್ಕೂ ಅತ್ತೆ. ಬಣ್ಣದ ರೀಲು ತೊಳೆದು ಬರಲು ಐದು ದಿನ. ಆ ಐದು ದಿನವೂ ಕೇದಾರನ ಮುಂದೆ ನಿಂತು ಬೇರೇನೂ ಬೇಡಲಿಲ್ಲ, ಮೂವತ್ತೇಳನೆಯದನ್ನು ಬೇಡಿದೆ. ಆರನೆಯ ದಿನ ಸ್ಟುಡಿಯೋಗೆ ಹೋದಾಗ ಶ್ರೀವಾಸ್ತವರು ಸಂತೋಷದಲ್ಲಿದ್ದರು. ಮೇಕೆಯ ಚಿತ್ರವನ್ನು ಹೊಗಳಿದರು. ಕೊನೆಯದನ್ನು ತೆಗೆದು, "ಈ ಬೇಲಾ ಹೂವು ಸ್ವಲ್ಪ ಹಿಲ್ ಗಯಾ. ಆದರೂ ಏನು ಬೆಳ್ಳಗಿದೆ ನೋಡಿ!" ಎಂದರು. ಬೇಲಾ ಎಂದರೆ ಅಲ್ಲಿಯ ಮಲ್ಲಿಗೆ.

"ಅದರ ಮುಂದಿನದು?"

ಅವರು ಫಿಲ್ಮಿನ ತುದಿಯನ್ನು ಬೆಳಕಿಗೆ ಹಿಡಿದು ತೋರಿಸಿದರು. ಅಂಚಿನ ತೂತುಗಳು ಸಾಲಾಗಿ ಹರಿದಿದ್ದವು. ತಿರುಗಿದ್ದು ಚಕ್ರ ಮಾತ್ರ. ಅಕ್ಕ ತಮ್ಮ ನಿಂತ ಚಿತ್ರ ಹಿಂದಿನದರ ಮೇಲೆಯೇ ಬಿದ್ದಿತ್ತೋ, ಗುಂಡಿ ಕೆಲಸವನ್ನೇ ಮಾಡಿರಲಿಲ್ಲವೋ, ಯಾರ ಗುರುತೂ ಇರಲಿಲ್ಲ. ಬಿಳಿಯದರ ಹಿಂದೆ ಒಂದು ಕಂದು ಛಾಯೆ. ಅಷ್ಟೇ.

ಆ ಸಂಜೆ ಯಜಮಾನರು, "ರೀಲು ಹಾಳಾಯಿತು ಅಂತ ಎರಡು ಸಾಲು ಬರೆಸಿ ಹಾಕು. ಸುಳ್ಳೇನಲ್ಲವಲ್ಲ. ಇಂಥದ್ದನ್ನ ಅಂಚೆಯಲ್ಲಿ ಯಾರಾದರೂ ಕಳಿಸ್ತಾರೇನೇ? ಇದನ್ನ ನದಿಗೆ ಬಿಡು, ಅವರ ಅಮ್ಮನ ಹಿಂದೆಯೇ ಹೋಗಲಿ," ಎಂದರು. ಅವರ ಮಾತಿನಲ್ಲಿ ತಪ್ಪಿರಲಿಲ್ಲ. ಚಿತ್ರ ಹಿಡಿದು ಘಾಟಿನವರೆಗೆ ಹೋದೆ. ನೀರಿಗೆ ಕೈ ಚಾಚಿದಾಗ ಆ ಸೆರಗಿನ ತುದಿ ಕಣ್ಣಿಗೆ ಕಟ್ಟಿತು. ಬಿಡಲು ಇದು ನನ್ನ ತಾಯಿಯಲ್ಲ. ಇಟ್ಟುಕೊಳ್ಳುವುದೋ ಬಿಡುವುದೋ ಅವರೇ ಹೇಳಬೇಕು. ಹಾಗೇ ಹಿಂದಿರುಗಿ ಭೇಲೂಪುರಕ್ಕೆ ನಡೆದೆ.

ಹಿಂದಿಯಲ್ಲಿ ಬರೆದುಕೊಡಿ ಎಂದು ಶ್ರೀವಾಸ್ತವರನ್ನೇ ಕೇಳಬೇಕಾಯಿತು. ಹಾಗಾಗಿ ಅದು ಬೇಲಾ ಅಲ್ಲ ಎಂದೂ ಹೇಳಬೇಕಾಯಿತು. ಅವರು ಕನ್ನಡಕ ತೆಗೆದು ಅಂಗಿಯ ತುದಿಯಲ್ಲಿ ಬಹಳ ಹೊತ್ತು ಒರೆಸಿದರು. ಆಮೇಲೆ ನಾನು ಮುರುಕು ಇಂಗ್ಲಿಷಿನಲ್ಲಿ ಹೇಳಿದ್ದನ್ನು ಹೇಳಿದಂತೆ ಹಿಂದಿಯಲ್ಲಿ ಬರೆದರು. ರೀಲು ಮುಗಿದದ್ದು ನನಗೆ ಅಂದೇ ಗೊತ್ತಿತ್ತು, ನಿಮ್ಮ ಮುಖ ನೋಡಿ ಹೇಳಲಾಗಲಿಲ್ಲ. ನೀವು ಕೇಳಿದ ಚಿತ್ರ ಬರಲಿಲ್ಲ. ನಾನು ತಿಳಿಯದೆ ತೆಗೆದದ್ದು ಮಾತ್ರ ಬಂದಿದೆ, ಅದೂ ಮಸುಕು. ಮನಸ್ಸಿಗೆ ನೋವಾದರೆ ನಿಮ್ಮೂರ ಹೊಳೆಗೆ ಬಿಟ್ಟುಬಿಡಿ. ನನ್ನನ್ನು ಮನ್ನಿಸಿ. ಬರೆದು ಮುಗಿಸಿ, "ಚಿಕ್ಕದು ಬೇಡ," ಎಂದು ಇನ್ನೆರಡು ದಿನ ನಿಲ್ಲಿಸಿ, ಅಂಗೈಯಗಲದ ಚಿತ್ರವನ್ನು ಪುಸ್ತಕದಗಲ ಮಾಡಿಸಿದರು. ಮಡಚದಂತೆ ರಟ್ಟು ಇಟ್ಟು ಅವರೇ ಅಂಚೆಗೆ ಹಾಕಿದರು.

ಆಮೇಲೆ ನಾನು ಬಹಳ ದಿನ ಕ್ಯಾಮೆರಾ ಮುಟ್ಟಲಿಲ್ಲ. ಅವರ ಶ್ರಾವಣ ಮುಗಿಯಿತು, ನಮ್ಮದೂ ಮುಗಿಯಿತು. ಗಣೇಶನನ್ನು ತಂದು ಕಳಿಸಿದ್ದಾಯಿತು. ಗಂಗೆ ಇಳಿದು ಮೆಟ್ಟಿಲುಗಳ ಮೇಲೆ ಮೊಣಕಾಲುದ್ದ ಕೆಸರು ಬಿಟ್ಟು ಹೋದಳು. ಅಂಚೆಯವನ ಸೈಕಲ್ ಗಂಟೆ ಕೇಳಿದಾಗಲೆಲ್ಲ ಕೆಲಸ ಬಿಟ್ಟು ಮೆಟ್ಟಿಲ ಬಳಿಗೆ ಓಡುತ್ತಿದ್ದೆ. ಏನು ಬರೆಯಬಹುದು? ಹೆತ್ತವಳ ಮೂಳೆಯನ್ನು ಅಂಚೆಯಲ್ಲಿ ಕಳಿಸಿದ ಹೆಂಗಸಿಗೆ ಯಾರಾದರೂ ಏನು ಬರೆಯುತ್ತಾರೆ? ಅಜ್ಜಿಯ ಕೋಣೆಗೆ ಹೋದರೆ ಅವರೂ ಹೂವಿನ ಮಾತೆತ್ತುತ್ತಿರಲಿಲ್ಲ. ಕೇಳುತ್ತಿದ್ದದ್ದು ಒಂದೇ: "ಕಾಗ್ದ ಬಂತೇನೇ?"

ಬಂತು. ನವರಾತ್ರಿಗೆ ಎರಡು ದಿನ ಇದ್ದಾಗ, ಮಧ್ಯಾಹ್ನ ನಾನು ಅಕ್ಕಿ ಆರಿಸುತ್ತಿದ್ದಾಗ, ಒಂದು ಇನ್‌ಲ್ಯಾಂಡ್ ಪತ್ರ. ರೀವಾದ ಮುದ್ರೆ. ಒಡೆದೆ. ದೊಡ್ಡ ದೊಡ್ಡ ಹಿಂದಿ ಅಕ್ಷರ, ಕೆಲವೇ ಸಾಲು. ಯಜಮಾನರು ಬರುವವರೆಗೆ ಕಾಯುವ ತಾಳ್ಮೆ ಇರಲಿಲ್ಲ. ಆಗಷ್ಟೇ ಶಾಲೆಯಿಂದ ಬಂದು ಬೂಟು ಬಿಚ್ಚುತ್ತಿದ್ದ ಶುಭಾಳನ್ನು ಎಳೆದು ಕೂರಿಸಿಕೊಂಡೆ.

"ಓದೇ. ನಿಧಾನಕ್ಕೆ ಓದು. ಓದಿ ಕನ್ನಡದಲ್ಲಿ ಹೇಳು."

"ಮೊದ್ಲು ತಿಂಡಿ."

"ಮೊದ್ಲು ಓದು!"

ಅವಳು ಬೆರಳಿಟ್ಟು, ಅಕ್ಷರ ಕೂಡಿಸಿ ಓದತೊಡಗಿದಳು. ಬಹೆನ್‌ಜಿಗೆ ನಮಸ್ಕಾರ ಅಂತೆ. ಫೋಟೋ ಸಿಕ್ಕಿತಂತೆ. ದೀದಿ ಅದಕ್ಕೆ ಕಟ್ಟು ಹಾಕಿಸಿದ್ದಾಳಂತೆ, ಗಾಜೂ ಹಾಕಿಸಿದ್ದಾಳಂತೆ, ದೇವರ ಪಕ್ಕ ಇಟ್ಟಿದ್ದಾರಂತೆ. ಇಲ್ಲಿ ಒಂದು ಶಬ್ದ ಕಷ್ಟ ಇದೆ ಅಮ್ಮ. ಬಂದವರೆಲ್ಲ ನೋಡಿ, ಎಷ್ಟು ಚೆನ್ನಾಗಿದೆ ಈ ಬೇಲಾ ಹೂವು, ಎಲ್ಲಿಯದು ಅಂತ ಕೇಳ್ತಾರಂತೆ. ನಮ್ಮ ಮನೆಯದೇ ಅಂತಾಳಂತೆ ದೀದಿ.

ಅಕ್ಕಿಯ ಮೊರ ಮಡಿಲಲ್ಲೇ ಇತ್ತು. ಇನ್ನೊಮ್ಮೆ ಓದು ಎಂದೆ. ಅವಳು ಓದಲಿಲ್ಲ. ಪತ್ರವನ್ನು ನನ್ನ ಕೈಗೆ ಕೊಟ್ಟು, ತಿಂಡಿಯ ಡಬ್ಬಿಯ ಕಡೆ ಓಡುತ್ತ ಅರ್ಧ ದಾರಿಯಲ್ಲಿ ನಿಂತು ಕೇಳಿದಳು:

"ಅವರ ಮನೇಲಿ ಬೇಲಾ ಗಿಡ ಇದ್ಯಾ ಅಮ್ಮಾ?"

"ಇತ್ತಂತೆ ಕಂದಾ," ಎಂದೆ.